ಕೋರಾ ಬಟ್ಟೆಯ ಪಟ್ಟಿ

ಮುಂಬಯಿಯ ಗಿರಣಿಯ ಹಾಜರಿ ಪುಸ್ತಕದಲ್ಲಿ ನಾನು ನೇಕಾರ. ಏಳು ವರ್ಷ ಆ ಹೆಸರಿನ ಮೇಲೆ ಪಗಾರ ತೆಗೆದುಕೊಂಡೆ. ಏಳು ದಿನವೂ ಮಗ್ಗದ ಮುಂದೆ ನಿಂತವನಲ್ಲ. ಗಿರಣಿಯ ಮಾಲೀಕರಿಗೆ ಫುಟ್‌ಬಾಲಿನ ಹುಚ್ಚು. ಬೆಳಗಾವಿಯ ಕ್ಯಾಂಪಿನ ಮೈದಾನದಲ್ಲಿ ಬರಿಗಾಲಿನಲ್ಲಿ ಒದೆಯುತ್ತಿದ್ದ ನನ್ನನ್ನು ಅವರ ಮನುಷ್ಯರು ಎತ್ತಿಕೊಂಡು ಹೋದದ್ದು ಎಡಗಡೆಯ ಬ್ಯಾಕ್ ಆಡಿಸಲು. ಹೀಗಾಗಿ ಅಲ್ಲಿಂದ ನಾನು ಕಲಿತು ಬಂದ ಕಸುಬು ಒಂದೇ ಒಂದು, ಅದೂ ಬಟ್ಟೆಗೆ ಸಂಬಂಧಪಟ್ಟದ್ದೇ: ಉಳುಕಿದ ಕಾಲಿಗೆ ಪಟ್ಟಿ ಕಟ್ಟುವುದು.

ಕಲಿಸಿದವನು ನಮ್ಮ ತಂಡದ ಮಾಲೀಶಿನ ಮುದುಕ. ಬಟ್ಟೆ ಕೋರಾ ಆಗಿರಬೇಕು, ಅಂದರೆ ಮಗ್ಗದಿಂದ ಇಳಿದ ಮೇಲೆ ಇನ್ನೂ ತೊಳೆಯದ್ದು, ನೂಲಿಗೆ ಹಾಕಿದ ಗಂಜಿ ಹಾಗೆಯೇ ಉಳಿದದ್ದು. ಅದನ್ನು ಮೂರು ಬೆರಳಿನ ಅಗಲಕ್ಕೆ ಹರಿದು, ನೀರಿನಲ್ಲಿ ಅದ್ದಿ ಹಿಂಡಬೇಕು. ಪಾದದ ಮುಂಭಾಗವನ್ನು ಮೇಲಕ್ಕೆತ್ತಿ ಹಿಡಿದು, ಹಿಮ್ಮಡಿಯ ಕೆಳಗಿನಿಂದ ಶುರುಮಾಡಿ, ಕೀಲಿನ ಮೇಲೆ ಅಡ್ಡಡ್ಡ ದಾಟಿಸುತ್ತ ಒಂಬತ್ತು ಸುತ್ತು. ಆಮೇಲೆ ಅರ್ಧ ತಾಸು ಬಿಸಿಲಿಗೆ ಕಾಲು ಚಾಚಿ ಕೂತರೆ ಗಂಜಿ ಒಣಗಿ ಪಟ್ಟಿ ಹಲಗೆಯಾಗುತ್ತದೆ. ಕೀಲು ಅತ್ತಿತ್ತ ಅಲುಗುವುದಿಲ್ಲ. ನೋವು ಇರುತ್ತದೆ, ಆದರೆ ಪಕ್ಕದ ಮನೆಯಲ್ಲಿ ಯಾರೋ ಜಗಳವಾಡಿದಷ್ಟು ದೂರ ಇರುತ್ತದೆ.

ಗಿರಣಿಗೆ ಒಬ್ಬ ಡಾಕ್ಟರನೂ ಇದ್ದ. ಅವನ ಬಳಿಗೆ ನಾವು ಯಾರೂ ಹೋಗುತ್ತಿರಲಿಲ್ಲ. ಅವನು ಕಾಲು ನೋಡಿ ಚೀಟಿ ಬರೆದರೆ ಮಾಲೀಕರು ಆ ಜಾಗಕ್ಕೆ ಬೇರೆಯವನನ್ನು ತರಿಸುತ್ತಿದ್ದರು. ಕಾಲು ವಾಸಿಯಾಗುವ ಹೊತ್ತಿಗೆ ಜಾಗವೂ ಇಲ್ಲ, ಮಲಗಲು ಚಾಳಿನ ಖೋಲಿಯೂ ಇಲ್ಲ. ಆದ್ದರಿಂದ ಪೆಟ್ಟಾದವನು ಮೊದಲು ಮಾಡುತ್ತಿದ್ದ ಕೆಲಸ ನಗುವುದು, ಎರಡನೆಯದು ಮಾಲೀಶಿನ ಮುದುಕನನ್ನು ಹುಡುಕುವುದು. ನನ್ನ ಬಲ ಮೊಣಕಾಲಿಗೂ ಒಂದು ಕಪ್ಪಿನ ಪಂದ್ಯದಲ್ಲಿ ಹೀಗೆಯೇ ಪಟ್ಟಿ ಕಟ್ಟಿದರು, ಆಡಿದೆ, ಗೆದ್ದೆವು. ಮುಂದಿನ ಮಳೆಗಾಲಕ್ಕೆ ಆ ಮೊಣಕಾಲು ಮಡಚಿದರೆ ಬಿಚ್ಚುತ್ತಿರಲಿಲ್ಲ. ನನಗಾಗ ಇಪ್ಪತ್ತೊಂಬತ್ತು. ಹಾಜರಿ ಪುಸ್ತಕದಲ್ಲಿ ನೇಕಾರನೊಬ್ಬ ಕಡಿಮೆಯಾದ.

ಪುಣೆಗೆ ಬಂದದ್ದು ಅಕ್ಕನ ಮನೆಗೆ. ಭಾವ ಅಂಚೆ ಕಚೇರಿಯಲ್ಲಿದ್ದರು. ನಾರಾಯಣ ಪೇಟೆಯ ವಾಡೆಯೊಂದರಲ್ಲಿ ಅವರ ಎರಡು ಖೋಲಿ. ನನಗೆ ಕಟ್ಟಿಗೆಯ ವಖಾರವೊಂದರಲ್ಲಿ ತೊಲೆಗಳನ್ನು ಅಳೆದು ಬರೆದಿಡುವ ಕೆಲಸ ಸಿಕ್ಕಿತು. ಆ ವಖಾರಕ್ಕೆ ಒಂದು ದಿನ ಕಾಲೇಜಿನ ಗಣಿತದ ಪ್ರೊಫೆಸರರು ಬಾಗಿಲ ಚೌಕಟ್ಟಿಗೆ ಸಾಗವಾನಿ ನೋಡಲು ಬಂದರು. ಧಾರವಾಡದವರು, ಕಾಲೇಜಿನ ಆಟೋಟಗಳ ಉಸ್ತುವಾರಿಯೂ ಅವರದೇ. ನನ್ನ ಕನ್ನಡ ಕೇಳಿ ಊರು ಕೇಳಿದರು, ಊರು ಕೇಳಿ ಕಾಲು ಯಾಕೆ ಹೀಗೆ ಎಂದು ಕೇಳಿದರು.

“ಫುಟ್‌ಬಾಲ್ ಆಡ್ತಿದ್ದೆ ರಾಯರ. ವಯಸ್ಸಾತು, ಬಿಟ್ಟೆ,” ಎಂದೆ.

“ಮೂವತ್ತಕ್ಕ ವಯಸ್ಸಾತೇನ್ರಿ? ಹಂಗಾರ ನಾವೆಲ್ಲ ಸತ್ತು ಭಾಳ ದಿನ ಆಗಿರಬೇಕು,” ಎಂದು ನಕ್ಕರು. “ನಮ್ಮ ಹುಡುಗರು ಚೆಂಡಿನ ಹಿಂದ ಕುರಿ ಓಡಿಧಂಗ ಓಡ್ತಾರ. ಬಂದು ಸ್ವಲ್ಪ ನೋಡ್ರಿ.”

ಹೋದೆ. ಪಗಾರದ ಮಾತು ಬಂದಾಗ ಬೇಡವೆಂದೆ. ಪಗಾರಕ್ಕೆ ಆಡಿ ಸಾಕಾಗಿತ್ತು. ಈಗ ಬಿಟ್ಟಿ ಕಲಿಸಿದರೆ ಆಟ ಮತ್ತೆ ಆಟವಾದೀತು ಎಂಬ ಒಂದು ಆಸೆ. ಮುಂದೆ ಆದದ್ದೆಲ್ಲ ಆ ಬಿಟ್ಟಿ ಕೆಲಸದಲ್ಲಿ ಆದದ್ದು ಎನ್ನುವುದೇ ನನಗೆ ಇಂದಿಗೂ ನುಂಗಲಾಗದ ಮಾತು. ಯಾರೂ ನನ್ನನ್ನು ಒತ್ತಾಯಿಸುತ್ತಿರಲಿಲ್ಲ.

ಹೇಳಬೇಕೆಂದಿರುವುದು ಮೂರನೆಯ ವರ್ಷದ ಮಾತು. ಎರಡನೆಯ ಮಹಾಯುದ್ಧಕ್ಕೆ ಇನ್ನೂ ನಾಲ್ಕೈದು ವರ್ಷವಿತ್ತು. ಆ ವರ್ಷದ ಕ್ಯಾಪ್ಟನ್ ಖಾನಾಪುರ ಕಡೆಯ ಹುಡುಗ, ಬಿ.ಎಸ್ಸಿ. ಕೊನೆಯ ವರ್ಷ, ಸೆಂಟರ್ ಹಾಫ್. ಗಟ್ಟಿ ಮೈ, ಮಾತು ಕಡಿಮೆ, ಕಾಲಿನಲ್ಲಿ ಮಾತ್ರ ವಿಪರೀತ ಬುದ್ಧಿ. ಚೆಂಡು ಎಲ್ಲಿ ಬೀಳುತ್ತದೆಯೋ ಅಲ್ಲಿ ಅವನು ಮೊದಲೇ ಹೋಗಿ ನಿಂತಿರುತ್ತಿದ್ದ. ಬೆಳಗ್ಗೆ ತಂಡವನ್ನು ಪರ್ವತಿ ಗುಡ್ಡದ ದೇವಸ್ಥಾನದ ಮೆಟ್ಟಿಲು ಹತ್ತಿಸಿ ಇಳಿಸುವಾಗ ಉಳಿದವರು ದೇವರನ್ನು ಬಿಟ್ಟು ನನ್ನನ್ನು ನೆನೆಯುತ್ತಿದ್ದರು. ಇವನು ಇಳಿದು ಬಂದು ಇನ್ನೊಮ್ಮೆ ಹತ್ತುತ್ತಿದ್ದ. ಯಾಕೆ ಎಂದು ಒಮ್ಮೆ ಕೇಳಿದೆ.

“ದೀಪಾವಳಿ ಮುಂದ ಫಾರೆಸ್ಟ್ ಖಾತೆಯವರು ರೇಂಜರ್ ಕೆಲಸಕ್ಕ ಆರಿಸ್ತಾರ್ರಿ ಮಾಸ್ತರ. ಮೊದಲ ನಡಿಗಿ ಪರೀಕ್ಷಾ. ಅಹಮದನಗರ ರೋಡಿನಾಗ ವಾಘೋಲಿ ತನಕ ಹೋಗಿ ನಾಕು ತಾಸಿನಾಗ ವಾಪಸ್ ಬರಬೇಕು. ಅದರಾಗ ಪಾಸಾದವರಿಗಷ್ಟ ಮುಂದಿನ ಮಾತು.”

“ನಿನಗೇನು, ಆರಾಮ ಪಾಸಾಗ್ತಿ.”

“ನಮ್ಮಪ್ಪ ಅದ ಖಾತೆಯಾಗ ಗಾರ್ಡ್ ಇದ್ದಾನ್ರಿ. ರೇಂಜರ್ ಸಾಹೇಬರು ಬಂದಾಗ ಅವರ ಕುದರಿ ಹಿಡಕೊಂಡು ನಿಂದರತಾನ. ನಾ ಸಣ್ಣಂವ ಇದ್ದಾಗಿಂದ ನೋಡೇನಿ.” ಮತ್ತೆ ಮೆಟ್ಟಿಲಿನ ಕಡೆಗೆ ತಿರುಗುತ್ತ, “ಈ ವರ್ಷ ತಪ್ಪಿದ್ರ ವಯಸ್ಸು ದಾಟ್ತದ್ರಿ ನನಗ,” ಎಂದ.

ಇದನ್ನು ಅವನು ನನಗೆ ಜುಲೈ ತಿಂಗಳಲ್ಲಿಯೇ ಹೇಳಿದ್ದ. ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ.

ಆ ಸಲ ನಮ್ಮ ಹುಡುಗರು ಎಂದೂ ಇಲ್ಲದಂತೆ ಆಡಿದರು. ಪುಣೆಯ ಕಪ್ಪಿನಲ್ಲಿ ಒಂದೊಂದೇ ಸುತ್ತು ದಾಟಿ ಸೆಮಿಫೈನಲಿಗೆ ಬಂದೆವು. ಮಳೆ ಹಿಂದೆಗೆದು ವಾರವಾಗಿತ್ತು. ಮಳೆಯಲ್ಲಿ ಬೂಟಿನವರು ಆಡಿ ತುಳಿದ ಕೆಸರು ಒಣಗಿ, ಮೈದಾನದ ತುಂಬ ಬೂಟಿನ ಹಳ್ಳಗಳು ಕಲ್ಲಿನಂತೆ ಗಟ್ಟಿಯಾಗಿದ್ದವು. ಬರಿಗಾಲಿನಲ್ಲಿ ಆಡುವ ನಮ್ಮವರಿಗೆ ಅದೇ ದೊಡ್ಡ ಎದುರಾಳಿ. ನಾವು ಎರಡು ಗೋಲು ಮುಂದಿದ್ದೆವು, ಆಟ ಮುಗಿಯಲು ಐದು ನಿಮಿಷ ಇರಬೇಕು, ಅಂಥ ಒಂದು ಹಳ್ಳದಲ್ಲಿ ಕ್ಯಾಪ್ಟನ್ನಿನ ಎಡಗಾಲು ಇಳಿದು ಒಳಮಗ್ಗುಲಿಗೆ ತಿರುಗಿತು. ಎದ್ದ, ನಕ್ಕ, ಕುಂಟುತ್ತ ಆಟ ಮುಗಿಸಿದ. ಆ ನಗು ನನಗೆ ಪರಿಚಯವಿದ್ದದ್ದೇ. ಸಂಜೆಗೆ ಹಿಮ್ಮಡಿಯ ಪಕ್ಕ ಬದನೆಕಾಯಿಯಷ್ಟು ಊದಿತ್ತು, ಬಣ್ಣವೂ ಅದೇ.

ಫೈನಲ್ ಐದು ದಿನ ಮುಂದಿತ್ತು. ಎದುರಿಗೆ ಕ್ಯಾಂಪಿನ ಗೋರಾ ಪಲ್ಟನ್ನಿನ ತಂಡ. ನಡಿಗೆಯ ಪರೀಕ್ಷೆ ಅದಾಗಿ ಮೂರು ವಾರಕ್ಕೆ. ಪ್ರೊಫೆಸರರು ಹಾಸ್ಟೆಲಿಗೆ ಬಂದು ಕಾಲು ನೋಡಿ, “ಡಾಕ್ಟರಿಗೆ ತೋರಸ್ರಿ. ದಿನಾ ಸಂಜಿಕೆ ಆರಕ್ಕ ಬರ್ತಾರಲ್ಲ,” ಎಂದರು.

“ತೋರಸ್ತೀನ್ರಿ ರಾಯರ,” ಎಂದೆ.

ಕಾಲೇಜಿನ ಡಾಕ್ಟರು ಒಳ್ಳೆಯ ಮನುಷ್ಯರು, ಹುಡುಗರಿಂದ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಅವರು ನೋಡಿದರೆ ಏನು ಹೇಳುತ್ತಾರೆಂಬುದು ನನಗೆ ಗೊತ್ತಿತ್ತು: ಆಟ ಬೇಡ. ಈ ಡಾಕ್ಟರು ಯಾರ ಜಾಗವನ್ನೂ ಕಸಿಯುವವರಲ್ಲ, ಈ ಹುಡುಗ ಪಗಾರದವನಲ್ಲ, ಒಂದು ಪಂದ್ಯ ತಪ್ಪಿದರೆ ಇವನ ಅನ್ನವೇನೂ ಹೋಗುವುದಿಲ್ಲ. ಇಷ್ಟನ್ನು ನನ್ನ ತಲೆ ತಿಳಿದಿತ್ತು. ಆದರೆ ಏಳು ವರ್ಷದ ಅಭ್ಯಾಸ ತಲೆಯಲ್ಲಿರಲಿಲ್ಲ, ಮೈಯಲ್ಲಿತ್ತು. ಮರುದಿನ ಐದೂವರೆಗೆ ನಾನೇ ಹಾಸ್ಟೆಲಿಗೆ ಹೋಗಿ, “ನಡಿ, ನಮ್ಮ ಮನಿಗೆ ಹೋಗೂಣು. ಅಕ್ಕ ಲೇಪ ಹಚ್ತಾಳ, ಊಟಾನೂ ಅಲ್ಲೇ ಮಾಡು,” ಎಂದು ಟಾಂಗಾದಲ್ಲಿ ಕೂರಿಸಿಕೊಂಡು ಬಂದೆ. ಫೈನಲಿನ ತನಕ ದಿನವೂ ಹಾಗೆಯೇ. ಡಾಕ್ಟರು ಆರಕ್ಕೆ ಬಂದು ಏಳಕ್ಕೆ ಹೋಗುತ್ತಿದ್ದರು. ನಾವು ಎಂಟಕ್ಕೆ ಮರಳುತ್ತಿದ್ದೆವು.

ಅಕ್ಕ ಅಂಬೆಹಳದಿ ತೇದು ಬಿಸಿ ಮಾಡಿ ಹಚ್ಚುತ್ತಿದ್ದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹಾಸ್ಟೆಲಿನ ಮರಾಠಿ ಮೆಸ್ಸಿನ ಸಿಹಿ ಬೇಳೆ ತಿಂದು ಬೇಸತ್ತಿದ್ದ ಹುಡುಗ ತಲೆ ಎತ್ತದೆ ಊಟ ಮಾಡುತ್ತಿದ್ದ. “ಅಕ್ಕಾರ, ನಮ್ಮವ್ವನ ಕೈ ರುಚಿ ಆದಂಗ ಆಗ್ತದ್ರಿ,” ಎಂದು ಒಮ್ಮೆ ಅಂದ. ಅವಳಿಗೆ ಅಷ್ಟು ಸಾಕಾಯಿತು, ಮರುದಿನ ಹೋಳಿಗೆ ಮಾಡಿದಳು.

ಅವನು ಕೈ ತೊಳೆಯಲು ಹೋದಾಗ ಅವಳು ನನ್ನನ್ನು ಕೇಳಿದಳು. “ಈ ಕಾಲು ಬರೇ ಉಳುಕಿದ್ದಲ್ಲೋ. ಡಾಕ್ಟರು ನೋಡ್ಯಾರೇನು?”

“ನೋಡ್ಯಾರ,” ಎಂದೆ.

ಫೈನಲಿನ ದಿನ ಮಧ್ಯಾಹ್ನ ಅದೇ ವಾಡೆಯ ಅಂಗಳದಲ್ಲಿ ಅವನ ಕಾಲಿಗೆ ಪಟ್ಟಿ ಕಟ್ಟಿದೆ. ಬಟ್ಟೆ ಮುಂಬಯಿಯಿಂದ ತಂದಿದ್ದ ಗಂಟಿನಲ್ಲಿತ್ತು. ಒಂಬತ್ತು ಸುತ್ತು ಹಾಕಿ, ಅರ್ಧ ತಾಸು ಬಿಸಿಲಿನಲ್ಲಿ ಕೂರಿಸಿದೆ. ಎದ್ದು ನಿಂತು, ಎರಡು ಹೆಜ್ಜೆ ಇಟ್ಟು, ನನ್ನ ಮುಖ ನೋಡಿದ.

“ಜಾದು ಅದರೀ ಮಾಸ್ತರ!”

ನನಗೆ ಹೆಮ್ಮೆಯಾಯಿತು. ಅವನು ಆ ದಿನ ಆಡಿದ ಆಟವನ್ನು ಕ್ಯಾಂಪಿನ ಸೋಜಿರರೂ ಎದ್ದು ನಿಂತು ನೋಡಿದರು. ಒಂದು ಗೋಲು ನಾವು ಹಾಕಿದೆವು, ಒಂದು ಅವರು. ಆಟ ಸರಿಸಮ. ಮರುಪಂದ್ಯ ಮೂರನೆಯ ದಿನ ಎಂದು ಸಾರಿದರು.

ಮನೆಗೆ ಬಂದು ಪಟ್ಟಿ ಬಿಚ್ಚಿದಾಗ ಪಾದ ನೀರಿನಲ್ಲಿ ಬಹಳ ಹೊತ್ತು ಇಟ್ಟಂತೆ ಬೆಳ್ಳಗೆ, ನಿರಿಗೆ ನಿರಿಗೆಯಾಗಿತ್ತು. ಒಂದು ತಾಸಿನಲ್ಲಿ ಊತ ಕಣ್ಣೆದುರಿಗೇ ಏರಿ ಬಂತು. ಕೀಲಿನ ಹೊರಮಗ್ಗುಲಲ್ಲಿ ಬೆರಳಿಟ್ಟು ಒತ್ತಿದೆ. ಒಳಗೆ ಏನೋ ಕರಕರ ಎಂದಿತು. ಅವನು ಹಲ್ಲು ಕಚ್ಚಿ ನಕ್ಕ. ಆ ಕರಕರ ನಾನು ಮೊದಲು ಕೇಳಿದ್ದೆ, ನನ್ನದೇ ಮೊಣಕಾಲಿನಲ್ಲಿ.

ಮೊದಲನೆಯ ದಿನ ಕಟ್ಟಿದ್ದನ್ನು ಬೇಕಾದರೆ ತಪ್ಪು ಲೆಕ್ಕ ಎನ್ನಬಹುದು. ನಾನು ಉತ್ತರ ಹೇಳಬೇಕಾದದ್ದು ಎರಡನೆಯದಕ್ಕೆ. ಆಗಿನ ನಿಯಮದಲ್ಲಿ ಆಟ ಶುರುವಾದ ಮೇಲೆ ಒಬ್ಬನ ಬದಲು ಇನ್ನೊಬ್ಬನನ್ನು ಇಳಿಸುವ ಹಾಗಿರಲಿಲ್ಲ. ಯಾರು ಆಡಬೇಕೆಂಬುದು ಮೊದಲೇ ತೀರ್ಮಾನವಾಗಬೇಕು. ಸೆಂಟರ್ ಹಾಫಿಗೆ ಇನ್ನೊಬ್ಬ ಹುಡುಗ ತಯಾರಿದ್ದ, ನಿಧಾನದವನು, ಆದರೆ ಕೆಟ್ಟವನಲ್ಲ. ಅವನನ್ನು ಆಡಿಸಿದ್ದರೆ ಬಹುಶಃ ಸೋಲುತ್ತಿದ್ದೆವು. ಅಷ್ಟೇ ಆಗುತ್ತಿತ್ತು. ಎರಡು ದಿನ ಯೋಚಿಸಿದೆ ಎಂದು ಹೇಳಿದರೆ ಸುಳ್ಳು. ವಖಾರದಲ್ಲಿ ತೊಲೆ ಅಳೆಯುತ್ತ ನಾನು ಯೋಚಿಸುತ್ತಿದ್ದದ್ದು ಕಪ್ಪಿನ ಬಗ್ಗೆ. ಮುಂಬಯಿಯಲ್ಲಿ ಗೆದ್ದ ಕಪ್ಪುಗಳೆಲ್ಲ ಮಾಲೀಕರ ಬಂಗಲೆಯ ಕಪಾಟಿನಲ್ಲಿದ್ದವು, ನಮ್ಮನ್ನು ಒಳಗೆ ಕರೆದು ತೋರಿಸಿದ್ದೂ ಇಲ್ಲ. ಇದೊಂದು ನನ್ನದಾಗಬೇಕಿತ್ತು.

ಮರುಪಂದ್ಯದ ಮಧ್ಯಾಹ್ನ ಅಂಗಳದಲ್ಲಿ ಕಾಲು ಚಾಚಿ ಕೂತು, ಅವನೇ ಕೇಳಿದ. “ಮಾಸ್ತರ, ವಾಘೋಲಿಗೆ ಏನೂ ತ್ರಾಸ ಆಗೂದಿಲ್ಲ ಅಲ್ರಿ?”

“ಮೂರು ವಾರ ಅದ. ಅಷ್ಟರಾಗ ಕುದರಿ ಆಗ್ತಿ.”

“ನೀವು ಹೇಳಿದ್ರ ಆತ್ರಿ,” ಎಂದ. ಊತ ಹೆಚ್ಚಿದ್ದರಿಂದ ಆ ದಿನ ಒಂಬತ್ತು ಸುತ್ತು ಸಾಲಲಿಲ್ಲ. ಹನ್ನೊಂದು ಹಾಕಿದೆ.

ಹಾಫ್ ಟೈಮಿಗೆ ನಾವು ಒಂದು ಗೋಲು ಮುಂದಿದ್ದೆವು. ಅವನು ನಿಂಬೆಹಣ್ಣಿನ ಹೋಳು ಚೀಪುತ್ತ ನನ್ನ ಹತ್ತಿರ ಬಂದು, ಬೇರೆಯವರಿಗೆ ಕೇಳದಂತೆ, “ಕಾಲು ಜೋಮು ಹಿಡದದ್ರಿ. ನಂದಲ್ಲ ಅನ್ನಸ್ತದ,” ಎಂದ.

“ನೋವು?”

“ಏನೂ ಇಲ್ಲ.”

“ಹಂಗಿದ್ರ ಛಲೋ ಆತಲ್ಲ. ನಡಿ.”

ಅಲ್ಲಿ ಅವನನ್ನು ಕೂರಿಸಿದ್ದರೆ ಹತ್ತೇ ಜನ ಆಡಬೇಕಾಗುತ್ತಿತ್ತು. ಕೊನೆಯ ಹತ್ತು ನಿಮಿಷ ಪಲ್ಟನ್ನಿನವರು ನಮ್ಮ ಗೋಲಿನ ಮುಂದೆಯೇ ಬಿಡಾರ ಹೂಡಿದ್ದರು. ಅವರ ಭಾರೀ ಫಾರ್ವರ್ಡ್ ಒಬ್ಬ ಹತ್ತಿರದಿಂದ ಒದ್ದ. ಕ್ಯಾಪ್ಟನ್ ಅಡ್ಡ ಕಾಲಿಟ್ಟ, ಪಟ್ಟಿಯ ಕಾಲನ್ನೇ. ಚೆಂಡು, ಬೂಟು, ಕಾಲು ಒಂದೇ ಸಲ ಕೂಡಿದವು. ಮೈದಾನದ ಅಂಚಿನಲ್ಲಿದ್ದ ನನಗೂ ಸದ್ದು ಕೇಳಿತು. ಚೆಂಡು ಹೊರಗೆ ಹೋಯಿತು. ಅವನು ಬೀಳಲಿಲ್ಲ, ಗೋಲಿನ ಕಂಬ ಹಿಡಿದು ನಿಂತ, ಶಿಳ್ಳೆ ಊದುವ ತನಕ ಅಲ್ಲಿಯೇ ನಿಂತ. ನಾವು ಗೆದ್ದೆವು.

ಮರುದಿನ ತೆಗೆಸಿದ ಫೋಟೋ ಇಂದಿಗೂ ಕಾಲೇಜಿನ ಗೋಡೆಯ ಮೇಲಿದೆ. ನಡುವೆ ಕುರ್ಚಿಯಲ್ಲಿ ಕ್ಯಾಪ್ಟನ್, ಮುಂದೆ ನೆಲದ ಮೇಲೆ ಕಪ್ಪು. ಎಡಗಾಲು ಕಾಣದಿರಲೆಂದು ಕಪ್ಪನ್ನು ಆ ಮಗ್ಗುಲಿಗೆ ಸರಿಸಿದವನು ನಾನೇ.

ಗೆದ್ದ ಸಂಜೆ ಮಾತ್ರ ಡಾಕ್ಟರಿಂದ ಅಡಗಿಸುವ ಮಾತಿರಲಿಲ್ಲ. ಪಟ್ಟಿ ಬಿಚ್ಚಲು ಬರದೆ ಅವರು ಕತ್ತರಿಯಿಂದ ಕತ್ತರಿಸಿದರು. ಸೆಮಿಫೈನಲಿನಲ್ಲಿಯೇ ಎಲುಬು ಸೀಳಿತ್ತು, ಆಗ ಹಲಗೆ ಕಟ್ಟಿ ಮಲಗಿಸಿದ್ದರೆ ಕೂಡಿಕೊಳ್ಳುತ್ತಿತ್ತು, ಈಗ ಜಾಗ ತಪ್ಪಿದೆ ಎಂದು ನನ್ನನ್ನು ಹೊರಗೆ ಕರೆದು ಮರಾಠಿಯಲ್ಲಿ ಹೇಳಿದರು. “ನೀವು ನನಗೆ ಮೊದಲೇ ಯಾಕೆ ತೋರಿಸಲಿಲ್ಲ?” ಎಂದು ಕೇಳಿದರು. ಹುಡುಗ ಒಪ್ಪಲಿಲ್ಲ ಎಂದೆ. ಒಂದು ಸುಳ್ಳು ಅಕ್ಕನಿಗೆ ಹೇಳಿದ್ದೆ, ಇದು ಎರಡನೆಯದು. ಇದನ್ನು ಅವನ ತಲೆಯ ಮೇಲೆಯೇ ಹಾಕಿದೆ.

ಎರಡು ತಿಂಗಳು ನೆಲಕ್ಕೆ ಕಾಲು ಊರಬಾರದು ಎಂದಿದ್ದರು. ಪರೀಕ್ಷೆಯ ಹಿಂದಿನ ದಿನ ಅವನು ಕೋಲೂರಿಕೊಂಡು ವಖಾರಕ್ಕೆ ಬಂದ.

“ಕಟ್ಟರಿ ಮಾಸ್ತರ. ನಾಕು ತಾಸಿನ ಮಾತು.”

ಬೇಡ ಎನ್ನಲು ನನಗೆ ಬಾಯಿ ಎಲ್ಲಿತ್ತು? ಕಪ್ಪಿಗೆ ಕಟ್ಟಿದವನು ಅವನ ಹೊಟ್ಟೆಪಾಡಿಗೆ ಕಟ್ಟುವುದಿಲ್ಲ ಎಂದರೆ ಏನರ್ಥ? ಮರುದಿನ ನಸುಕಿಗೆ ಕಟ್ಟಿದೆ. ಬಿಸಿಲಿಲ್ಲದ್ದರಿಂದ ಅಕ್ಕನ ಒಲೆಯ ಮುಂದೆ ಒಣಗಿಸಿದೆ. ಭಾವನ ಸೈಕಲ್ ತೆಗೆದುಕೊಂಡು, ಬಲಗಾಲು ಇಳಿಬಿಟ್ಟು ಎಡಗಾಲಿನಿಂದಲೇ ತುಳಿಯುತ್ತ, ಅಧಿಕಾರಿಗಳಿಗೆ ಅನುಮಾನ ಬಾರದಷ್ಟು ಹಿಂದೆ ಅವನ ಬೆನ್ನು ನೋಡುತ್ತ ಹೋದೆ. ಹನ್ನೆರಡು ಜನ ಹೊರಟಿದ್ದರು. ಯೆರವಡೆಯ ತನಕ ಅವನೇ ಎಲ್ಲರ ಮುಂದೆ. ವಾಘೋಲಿಯಲ್ಲಿ ಚೀಟಿಗೆ ಸಹಿ ಹಾಕಿಸಿಕೊಂಡು ತಿರುಗಿದಾಗ ನಡುವಿನಲ್ಲಿದ್ದ. ಆಮೇಲೆ ಒಬ್ಬೊಬ್ಬರಾಗಿ ಅವನನ್ನು ದಾಟಿ ಹೋದರು. ನಗರ ರಸ್ತೆಯ ಬೇವಿನ ಮರಗಳ ನೆರಳಿನಲ್ಲಿ ಅವನು ಎಡಗಾಲನ್ನು ಎತ್ತಿ ಎತ್ತಿ ಮುಂದಿಡುತ್ತಿದ್ದ, ಬೇರೆಯವರ ಸಾಮಾನನ್ನು ಜೋಪಾನವಾಗಿ ಇಟ್ಟಂತೆ. ಇನ್ನು ಮೂರು ಮೈಲಿ ಇದ್ದಾಗ ಒಂದು ಮೈಲಿಗಲ್ಲಿನ ಮೇಲೆ ಕೂತ. ನಾನು ಸೈಕಲ್ ಇಳಿದು ನೂರು ಹೆಜ್ಜೆ ಹಿಂದೆ ನಿಂತೆ. ಎದ್ದಾನು, ಎದ್ದಾನು ಎಂದು ಕಾದೆ. ಹಿಂದಿನಿಂದ ಟಾಂಗಾದಲ್ಲಿ ಬರುತ್ತಿದ್ದ ಅಧಿಕಾರಿ ಅವನ ಮುಂದೆ ನಿಲ್ಲಿಸಿ ಹೆಸರು ಕೇಳಿ, ಪುಸ್ತಕದಲ್ಲಿ ಏನೋ ಗೀಚಿ ಮುಂದೆ ಹೋದರು.

ನಾನು ಹತ್ತಿರ ಹೋದಾಗ ಅವನು ಅಳುತ್ತಿರಲಿಲ್ಲ. “ನನ್ನ ನಸೀಬರೀ ಮಾಸ್ತರ,” ಎಂದ. “ನೀವು ಮಾಡೂದೆಲ್ಲ ಮಾಡಿದ್ರಿ.” ನಾನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದೆ. ಅಲ್ಲಿಯೇ ಹೇಳಬೇಕಿತ್ತು. ಮೂರು ಮೈಲಿ ಅವನ ಕೈ ನನ್ನ ಹೆಗಲ ಮೇಲಿತ್ತು, ಹೇಳಲಾಗಲಿಲ್ಲ.

ಬಿ.ಎಸ್ಸಿ. ಮುಗಿಸಿ ಅವನು ಅದೇ ನಗರ ರಸ್ತೆಯಲ್ಲಿ ಇನ್ನೂ ಮುಂದಿರುವ ಶಿರೂರಿನ ಶಾಲೆಯೊಂದರಲ್ಲಿ ಗಣಿತ, ವಿಜ್ಞಾನದ ಮಾಸ್ತರನಾದ. ನಾನು ಕಾಲೇಜಿಗೆ ಹೋಗುವುದನ್ನು ಬಿಡಲಿಲ್ಲ, ಪಟ್ಟಿ ಕಟ್ಟುವುದನ್ನು ಬಿಟ್ಟೆ. ಉಳಿದ ಬಟ್ಟೆಯನ್ನು ಅಕ್ಕನ ಒಲೆಗೆ ಹಾಕಿದೆ. ಹುಡುಗರು ಕೇಳಿದರೆ, ಆ ತರಹದ ಕೋರಾ ಈಗ ಪುಣೆಯಲ್ಲಿ ಸಿಗುವುದಿಲ್ಲ ಎಂದು ಹೇಳುತ್ತಿದ್ದೆ. ನಿಜ ಹೇಳುವುದಕ್ಕಿಂತ ಅದು ಸುಲಭವಾಗಿತ್ತು.

ಎರಡು ವರ್ಷದ ನಂತರ ತಂಡ ಮತ್ತೆ ಫೈನಲಿಗೆ ಬಂತು. ಹೇಗೋ ಸುದ್ದಿ ತಿಳಿದು ಅವನು ಶಿರೂರಿನಿಂದ ಬೆಳಗಿನ ಮೋಟಾರಿಗೆ ಬಂದಿಳಿದ. ಬರುತ್ತೇನೆಂದು ಕಾಗದ ಬರೆದಿದ್ದ, ಅಕ್ಕ ಎರಡು ದಿನದಿಂದ ಅಡಿಗೆಯ ಯೋಚನೆಯಲ್ಲಿದ್ದಳು. ಆಟ ಮುಗಿಸಿಕೊಂಡು ಮನೆಗೆ ಊಟಕ್ಕೆ ಬರುವುದೆಂದು ಮಾತಾಗಿತ್ತು. ಮದುವೆಯಾಗಿತ್ತಂತೆ, ಸ್ವಲ್ಪ ದಪ್ಪಗಾಗಿದ್ದ. ನಡೆಯುವಾಗ ಎಡ ಹೆಗಲು ಪ್ರತಿ ಹೆಜ್ಜೆಗೂ ಕೆಳಗೆ ಇಳಿಯುತ್ತಿತ್ತು. ವಖಾರದ ಕೆಲಸ ಮುಗಿಸಿ ನಾನು ಮೈದಾನಕ್ಕೆ ಹೋಗುವ ಹೊತ್ತಿಗೆ ಹುಡುಗರ ಖೋಲಿಯಲ್ಲಿ ಅವನು ನೆಲದ ಮೇಲೆ ಕೂತಿದ್ದ. ಅವನ ತೊಡೆಯ ಮೇಲೆ ನಮ್ಮ ಆ ವರ್ಷದ ಎಡಗಡೆಯ ಬ್ಯಾಕ್ ಹುಡುಗನ ಊದಿದ ಕಾಲು. ಹಿಮ್ಮಡಿಯ ಕೆಳಗಿನಿಂದ ಶುರುಮಾಡಿ, ಅಡ್ಡಡ್ಡ ದಾಟಿಸುತ್ತ, ಏಳನೆಯ ಸುತ್ತಿಗೆ ಬಂದಿದ್ದ. ನನ್ನ ಕೈಯೇ ಕಟ್ಟಿದ ಹಾಗಿತ್ತು.

“ಮಾಸ್ತರ, ಕೋರಾ ಸಿಗವಲ್ದು ಅಂತ ಈ ಹುಡುಗರು ನನಗ ಕಾಗದಾ ಬರದಿದ್ರು. ನಮ್ಮ ಶಿರೂರಿನ ಮಗ್ಗದವರ ಕಡೆಯಿಂದ ಒಂದು ತಾನ ತಂದೀನಿ,” ಎಂದು ಮುಖ ಅರಳಿಸಿ ಹೇಳಿದ. ಹುಡುಗರ ಕಡೆಗೆ ತಿರುಗಿ, “ಇದು ಮಾಸ್ತರು ಕಲಿಸಿದ್ದು. ಹಿಂಗ ಕಟ್ಟಿದ್ರ ಆನೀನೂ ಎದ್ದು ಆಡ್ತದ,” ಎಂದ.

ಔಷಧದ ಪೆಟ್ಟಿಗೆಯಲ್ಲಿ ಕತ್ತರಿ ಇತ್ತು. ನಾನು ಅವನ ಪಕ್ಕದಲ್ಲಿ ಕೂತು, ಹುಡುಗನ ಕಾಲಿನ ಪಟ್ಟಿಯನ್ನು ಮೇಲಿನಿಂದ ಕೆಳಗಿನ ತನಕ ಕತ್ತರಿಸಿದೆ. ಒದ್ದೆ ಬಟ್ಟೆ ಎರಡು ಮಗ್ಗುಲಿಗೆ ಬಿತ್ತು. ಹುಡುಗನಿಗೆ, “ನೀ ಇವತ್ತ ಆಡೂದಿಲ್ಲ. ಟಾಂಗಾ ತರಸ್ತೀನಿ, ಡಾಕ್ಟರ ಕಡೆ ಹೋಗು,” ಎಂದೆ. ಉಳಿದವರನ್ನು ಮೈದಾನಕ್ಕೆ ಕಳಿಸಿದೆ. ಆ ಹುಡುಗನನ್ನೂ ಇಬ್ಬರು ಎತ್ತಿಕೊಂಡು ಹೋದರು.

ಖೋಲಿಯಲ್ಲಿ ನಾವಿಬ್ಬರೇ ಉಳಿದೆವು.

“ಕಟ್ಟೂದು ತಪ್ಪೇತೇನ್ರಿ?” ಎಂದು ಕೇಳಿದ.

“ಇಲ್ಲ. ಛಲೋ ಕಟ್ಟಿದ್ದಿ.”

“ಮತ್ತ?”

“ಒಳಗ ಎಲುಬು ಸೀಳಿದ್ರ? ಡಾಕ್ಟರು ನೋಡದ ಹೆಂಗ ಗೊತ್ತಾಗ್ತದ?”

ಅವನು ನೆಲದ ಮೇಲಿನ ಬಟ್ಟೆ ನೋಡುತ್ತ ಕೂತ. ಬುದ್ಧಿವಂತ ಹುಡುಗ, ಚೆಂಡು ಎಲ್ಲಿ ಬೀಳುತ್ತದೆ ಎಂದು ಅವನಿಗೆ ಯಾವಾಗಲೂ ಮೊದಲೇ ತಿಳಿಯುತ್ತಿತ್ತು.

“ಅವತ್ತೂ ಡಾಕ್ಟರು ಇದ್ರಲ್ರಿ,” ಎಂದ.

“ಇದ್ರು. ದಿನಾ ಸಂಜಿ ಆರಕ್ಕ ಹಾಸ್ಟೆಲಿಗೆ ಬರ್ತಿದ್ರು.” ಇನ್ನು ನಿಲ್ಲಿಸುವ ಹಾಗಿರಲಿಲ್ಲ. “ಅದಕ್ಕ ನಾ ಐದೂವರಿಗೆ ಬಂದು ನಿನ್ನ ಕರಕೊಂಡು ಹೋಗತಿದ್ದೆ.”

ಹೊರಗೆ ಹುಡುಗರು ಚೆಂಡು ಒದೆಯುವ ಸದ್ದು ಬರುತ್ತಿತ್ತು.

“ಊಟಕ್ಕ ಅಂತ ತಿಳದಿದ್ದೆರೀ,” ಎಂದ. “ನನ್ನ ಹೆಂಡತಿಗೂ ಹಂಗ ಹೇಳೇನಿ. ಪುಣೆದಾಗ ನನಗೊಂದು ಮನಿ ಇತ್ತು, ಕಾಲು ಮುರದಾಗ ದಿನಾ ಕರದು ಊಟಾ ಹಾಕಿದ್ರು ಅಂತ.”

ಸಿಟ್ಟು ಮಾಡಿದ್ದರೆ, ಎದೆಯ ಮೇಲಿನ ಅಂಗಿ ಹಿಡಿದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಉಳಿದ ಬಟ್ಟೆಯನ್ನು ಅಂಚು ಕೂಡಿಸಿ ಮಡಚಿ ಚೀಲದಲ್ಲಿ ಇಟ್ಟುಕೊಂಡ. ಐದು ಗಂಟೆಗೆ ಶಿರೂರಿಗೆ ಒಂದು ಮೋಟಾರು ಇದೆ, ಅದಕ್ಕೇ ಹೋಗುತ್ತೇನೆ ಎಂದ. ಬಾಗಿಲಲ್ಲಿ ನಿಂತು ಎಂದಿನ ಅಭ್ಯಾಸದಂತೆ ಕೈ ಮುಗಿದ. ನಾನೂ ಮುಗಿದೆ. ಮೈದಾನದ ಅಂಚಿನಿಂದ ಗೇಟಿನ ತನಕ ಅವನು ನಡೆದು ಹೋದ. ಆ ದಾರಿ ಅಷ್ಟು ಉದ್ದವಿದೆ ಎಂದು ನನಗೆ ಅದುವರೆಗೆ ತಿಳಿದಿರಲಿಲ್ಲ.

ಫೈನಲ್ ಸೋತೆವು. ಮನೆಗೆ ಬಂದಾಗ ಅಕ್ಕ ಎರಡು ತಟ್ಟೆ ಹಾಕಿ, ಹೋಳಿಗೆಯ ಮೇಲೆ ಬಟ್ಟೆ ಮುಚ್ಚಿ ಕಾಯುತ್ತಿದ್ದಳು. ನನ್ನ ಹಿಂದೆ ಬಾಗಿಲ ಕಡೆಗೆ ನೋಡಿ, “ಅಂವ ಎಲ್ಲೆ?” ಎಂದಳು.

“ಒಂದು ತಟ್ಟಿ ಎತ್ತಿಡು,” ಎಂದೆ. ಆಮೇಲೆ ಅಂಗಿ ಕೂಡ ಕಳಚದೆ ಹೊಸ್ತಿಲ ಮೇಲೆ ಕೂತು, “ಅಕ್ಕಾ, ಆ ಕಾಲು ಡಾಕ್ಟರು ನೋಡ್ಯಾರೇನು ಅಂತ ನೀ ಕೇಳಿದ್ದಿ, ನೆನಪದ ಏನು?” ಎಂದು ಶುರುಮಾಡಿದೆ.